ಮನೆ ವೆಬ್ ಸರ್ವರ್ ಮತ್ತು ಬಾಡಿಗೆ ಹೋಸ್ಟಿಂಗ್

ಜಾಲತಾಣದ ಫೈಲುಗಳನ್ನು ಸ್ವಂತ ಮನೆಯ ಕಂಪ್ಯೂಟರಿನಲ್ಲಿಟ್ಟು, ಮನೆಯ ಬ್ರಾಡ್‌ಬ್ಯಾಂಡ್ ಮೂಲಕವೇ ಓದುಗರಿಗೆ ತಲುಪಿಸುವ ಏರ್ಪಾಡು ಮನೆ ವೆಬ್ ಸರ್ವರ್. ಅದೇ ಫೈಲುಗಳನ್ನು ಡೇಟಾ ಸೆಂಟರಿನಲ್ಲಿರುವ ಬೇರೆಯವರ ಯಂತ್ರದಲ್ಲಿ ಬಾಡಿಗೆ ಕೊಟ್ಟು ಇಡುವುದು ವೆಬ್ ಹೋಸ್ಟಿಂಗ್. ಒಳಗೆ ನಡೆಯುವ ಕೆಲಸದಲ್ಲಿ ವ್ಯತ್ಯಾಸವಿಲ್ಲ. ಬ್ರೌಸರ್ ಕೇಳಿದ ಪುಟವನ್ನು ಅಪಾಚೆ, ಎಂಜಿನ್‌ಎಕ್ಸ್‌ನಂಥ ತಂತ್ರಾಂಶ ಹುಡುಕಿ ಕಳಿಸುತ್ತದೆ; ಇವೆರಡೂ ಉಚಿತವಾಗಿ ಸಿಗುತ್ತವೆ. ಯಂತ್ರವೂ ಈಗ ದೊಡ್ಡ ಖರ್ಚಲ್ಲ. ಭಾರತದಲ್ಲಿ ಈ ಆಯ್ಕೆಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಬೇರೆಯೇ ಒಂದು ಸಂಗತಿ: ಮನೆಯ ಸಂಪರ್ಕಕ್ಕೆ ಹೊರಗಿನವರು ತಲುಪಬಹುದಾದ ವಿಳಾಸ ಇದೆಯೇ, ಇಲ್ಲವೇ.

ಜಗತ್ತಿನ ಮೊದಲ ವೆಬ್ ಸರ್ವರ್ ಯಾವ ಡೇಟಾ ಸೆಂಟರಿನಲ್ಲೂ ಇರಲಿಲ್ಲ. 1990ರ ಕೊನೆಗೆ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಕೆಲಸದ ನೆಕ್ಸ್ಟ್ ಕಂಪ್ಯೂಟರೇ ಆ ಪಾತ್ರ ವಹಿಸಿತ್ತು. ಇದು ಸರ್ವರ್, ಆಫ್ ಮಾಡಬೇಡಿ ಎಂದು ಕೈಬರಹದಲ್ಲಿ ಬರೆದ ಚೀಟಿಯೊಂದು ಅದರ ಮೇಲೆ ಅಂಟಿಕೊಂಡಿತ್ತು. ಮನೆಯಲ್ಲಿ ಸರ್ವರ್ ಇಟ್ಟವರ ಮುಖ್ಯ ಚಿಂತೆ ಇಂದಿಗೂ ಅದೇ. ಜನಸಾಮಾನ್ಯರು ಪುಟ ಮಾಡಿಕೊಳ್ಳತೊಡಗಿದ್ದು 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಂಥ ಉಚಿತ ತಾಣಗಳಿಂದ. ಅದನ್ನು 1999ರಲ್ಲಿ ಯಾಹೂ ಕೊಂಡಿತು, 2009ರಲ್ಲಿ ಮುಚ್ಚಿತು. ಬ್ಯಾಕಪ್ ಇಟ್ಟುಕೊಳ್ಳದ ಅನೇಕರ ಪುಟಗಳು ಅದರೊಂದಿಗೇ ಹೋದವು. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮನೆ ಸರ್ವರಿನ ಹವ್ಯಾಸಕ್ಕೆ ಹೊಸ ಜೀವ ಕೊಟ್ಟಿತು.

ವಿದ್ಯುತ್ತಿನ ಲೆಕ್ಕ ಸುಲಭ. 5 ವ್ಯಾಟ್ ಎಳೆಯುವ ಪೈ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 3.6 ಯೂನಿಟ್. ಮೂಲೆಗೆ ಬಿದ್ದ ಹಳೆಯ ಡೆಸ್ಕ್‌ಟಾಪ್ 70 ವ್ಯಾಟ್ ಎಳೆಯುವುದಾದರೆ 50 ಯೂನಿಟ್; ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೆ 300 ರೂಪಾಯಿ. ಈ ದುಡ್ಡಿಗೆ ಸಾಧಾರಣ ಹೋಸ್ಟಿಂಗ್ ಸಿಕ್ಕೀತು. ಕರ್ನಾಟಕದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮಿತಿ ನಿಗದಿಯಾಗುವುದು ಆ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ. ಹಾಗಾಗಿ ಹೊಸದಾಗಿ ಸೇರಿದ ಐವತ್ತು ಯೂನಿಟ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳದೆ ಇರದು. ಹಳೆಯ ಕಂಪ್ಯೂಟರ್ ಪುಕ್ಕಟೆ ಎಂಬ ಮಾತು ಹೀಗೆ ಅರ್ಧ ಮಾತ್ರ ನಿಜ.

ವಿಳಾಸದ ತೊಡಕು

ಐಪಿವಿ4 ಪದ್ಧತಿಯಲ್ಲಿ ಇರುವ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಏಷ್ಯಾ-ಪೆಸಿಫಿಕ್ ವಲಯಕ್ಕೆ ಇವನ್ನು ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಕಂತಿಗೆ ಬಂದು, ಅಲ್ಲಿಂದಾಚೆಗೆ ರೇಷನ್ ಹಾಕಿತು. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಂಖ್ಯೆ ಏರಿದ್ದು ಅದಾದ ಮೇಲೆ. ಆದ್ದರಿಂದ ಅನೇಕ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಸಿಜಿನ್ಯಾಟ್ ಎಂದರೆ ಇದೇ. ದೊಡ್ಡ ಅಪಾರ್ಟ್‌ಮೆಂಟಿಗೆ ಒಂದೇ ಗೇಟು ಇದ್ದ ಹಾಗೆ: ಒಳಗಿದ್ದವರು ಯಾವಾಗ ಬೇಕಾದರೂ ಹೊರಹೋಗಬಹುದು, ಹೊರಗಿಂದ ಬಂದವನಿಗೆ ಯಾವ ಫ್ಲ್ಯಾಟಿಗೆ ಹೋಗಬೇಕೆಂದು ಹೇಳುವವರಿಲ್ಲ. ರೂಟರಿನಲ್ಲಿ ವೆಬ್‌ಗೆ ಬೇಕಾದ ಪೋರ್ಟ್ 80, 443 ತೆರೆದು ಎಷ್ಟು ಒದ್ದಾಡಿದರೂ ಪ್ರಯೋಜನವಿಲ್ಲ.

ಇದನ್ನು ಪತ್ತೆಹಚ್ಚಲು ಎರಡು ನಿಮಿಷ ಸಾಕು. ರೂಟರಿನ ಪುಟ ತೆರೆದು ‘ವ್ಯಾನ್ ಐಪಿ’ ಎಂಬಲ್ಲಿ ನೋಡಬೇಕು. ಅಲ್ಲಿರುವ ಅಂಕಿ 100.64ರಿಂದ 100.127ರೊಳಗೆ ಶುರುವಾದರೆ, ಅಥವಾ 10ರಿಂದ ಶುರುವಾದರೆ, ಆ ಮನೆಗೆ ಸ್ವಂತ ವಿಳಾಸವಿಲ್ಲ. ಮೊದಲನೆಯ ಗುಂಪನ್ನು 2012ರಲ್ಲಿ ಈ ಉದ್ದೇಶಕ್ಕೆಂದೇ ಮೀಸಲಿಡಲಾಯಿತು. ಪೈ ಕೊಳ್ಳುವ ಮೊದಲು ಮಾಡಬೇಕಾದ ಈ ಪರೀಕ್ಷೆಯನ್ನು ಬಹಳ ಜನ ಕೊಂಡ ಮೇಲೆ ಮಾಡುತ್ತಾರೆ.

ದಾರಿಗಳಿಲ್ಲದೆ ಇಲ್ಲ. ಹೆಚ್ಚಿನ ಶುಲ್ಕ ತೆತ್ತು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ, ಪಡೆಯಬಹುದು. ಹೊಸ ಪದ್ಧತಿಯಾದ ಐಪಿವಿ6ನಲ್ಲಿ ವಿಳಾಸಗಳಿಗೆ ಬರವಿಲ್ಲ, 2016ರಲ್ಲಿ ಜಿಯೋ ಬಂದ ನಂತರ ದೇಶದಲ್ಲಿ ಅದರ ಬಳಕೆಯೂ ಚೆನ್ನಾಗಿ ಹಬ್ಬಿದೆ. ಆದರೆ ಐಪಿವಿ4 ಮಾತ್ರ ಇರುವ ಓದುಗರಿಗೆ ಆ ತಾಣ ತೆರೆಯುವುದಿಲ್ಲ. ಮೂರನೆಯದು ಕ್ಲೌಡ್‌ಫ್ಲೇರ್‌ನಂಥವರು ಕೊಡುವ ಟನೆಲ್: ಮನೆಯ ಯಂತ್ರವೇ ಹೊರಗಿನ ಕಂಪನಿಗೆ ಸಂಪರ್ಕ ಕಟ್ಟಿಕೊಂಡು, ಓದುಗರನ್ನು ಆ ಕಂಪನಿಯ ಮೂಲಕ ಬರಮಾಡಿಕೊಳ್ಳುತ್ತದೆ. ಇದು ಸಲೀಸಾದ ಉಪಾಯ. ಆದರೆ ತನ್ನ ಡೇಟಾ ತನ್ನ ಬಳಿಯೇ ಇರಲಿ ಎಂದು ಹೊರಟವನು ಕೊನೆಗೆ ಮತ್ತೊಬ್ಬರ ಬಾಗಿಲಿಂದಲೇ ವ್ಯವಹರಿಸಬೇಕಾಗುತ್ತದೆ.

ಸರ್ವರಿಗೆ ಡೌನ್‌ಲೋಡ್ ವೇಗಕ್ಕಿಂತ ಅಪ್‌ಲೋಡ್ ವೇಗ ಮುಖ್ಯ. ಟೆಲಿಫೋನ್ ತಂತಿಯ ಎಡಿಎಸ್‌ಎಲ್ ಕಾಲದಲ್ಲಿ ಅಪ್‌ಲೋಡ್ 1 ಎಂಬಿಪಿಎಸ್ ಮುಟ್ಟುವುದೇ ಕಷ್ಟವಾಗಿತ್ತು. ಆ ವೇಗದಲ್ಲಿ 2 ಎಂಬಿಯ ಒಂದು ಫೋಟೋ ಹೊರಹೋಗಲು 16 ಸೆಕೆಂಡ್ ಬೇಕಿತ್ತು. ಫೈಬರ್ ಬಂದ ಮೇಲೆ ಈ ತೊಂದರೆ ಹೆಚ್ಚುಕಡಿಮೆ ತೀರಿದೆ. ಕರೆಂಟಿನದು ತೀರಿಲ್ಲ. ಮನೆಯಲ್ಲಿ ಯುಪಿಎಸ್ ಇದ್ದರೂ ಕೇಬಲ್‌ನವರು ಬೀದಿಯ ಕಂಬಕ್ಕೆ ಕಟ್ಟಿದ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ತಾಣ ಮಲಗಿದಂತೆಯೇ.

ಇನ್ನು ಕಾವಲು. ದೂರದಿಂದ ಲಾಗಿನ್ ಆಗಲೆಂದು ಪೋರ್ಟ್ 22 ತೆರೆದಿಟ್ಟರೆ, ಸ್ವಲ್ಪ ಹೊತ್ತಿನಲ್ಲೇ ಲಾಗ್ ಫೈಲಿನಲ್ಲಿ ಅಪರಿಚಿತ ವಿಳಾಸಗಳು ಸಾಲುಗಟ್ಟುತ್ತವೆ: ರೂಟ್, ಅಡ್ಮಿನ್, ಟೆಸ್ಟ್, ಪೈ ಎಂದು ಒಂದೊಂದೇ ಹೆಸರು ಹಾಕಿ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು. ಇವು ಯಾರೋ ಹಗೆ ಸಾಧಿಸುತ್ತಿರುವುದಲ್ಲ, ಇಡೀ ಇಂಟರ್ನೆಟ್ಟನ್ನು ತಡಕುತ್ತಿರುವ ಬಾಟ್‌ಗಳು. ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀಲಿ ಫೈಲ್ ಬಳಸುವುದು, ಅಪ್‌ಡೇಟ್ ತಪ್ಪಿಸದಿರುವುದು, ಸರ್ವರನ್ನು ಮನೆಯ ಫೋನು, ಟಿವಿ, ಕ್ಯಾಮೆರಾಗಳಿಂದ ಬೇರೆ ಜಾಲದಲ್ಲಿಡುವುದು ಕನಿಷ್ಠ ಎಚ್ಚರಿಕೆ.

ಬಾಡಿಗೆಯ ಬಗೆಗಳು

ಷೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಯಂತ್ರದಲ್ಲಿ ನೂರಾರು ತಾಣಗಳಿರುತ್ತವೆ. ಅಗ್ಗ, ಆದರೆ ನೆರೆಯ ತಾಣಕ್ಕೆ ಜನ ನುಗ್ಗಿದರೆ ನಮ್ಮದೂ ನಿಧಾನ. ಜಾಹೀರಾತಿನ ಬೆಲೆ ಸಾಮಾನ್ಯವಾಗಿ ಮೊದಲ ಅವಧಿಯದು, ನೋಡಬೇಕಾದದ್ದು ರಿನ್ಯೂವಲ್ ಬೆಲೆ. ವಿಪಿಎಸ್ ಎಂದರೆ ಯಂತ್ರದ ಒಂದು ಪಾಲನ್ನು ಪೂರ್ತಿ ನಮಗೇ ಬಿಟ್ಟುಕೊಡುವ ವ್ಯವಸ್ಥೆ. ಡಿಜಿಟಲ್‌ಓಷನ್ 2016ರಿಂದ ಬೆಂಗಳೂರಿನಿಂದಲೇ ಇದನ್ನು ಒದಗಿಸುತ್ತಿದೆ. ಇಲ್ಲಿ ವಿದ್ಯುತ್ತು, ವಿಳಾಸದ ಚಿಂತೆಯಿಲ್ಲ, ಅಪ್‌ಡೇಟ್ ಮಾಡುವ ಕೆಲಸ ಮಾತ್ರ ಮನೆ ಸರ್ವರಿನಷ್ಟೇ. ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎಸ್ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು.

ಡೇಟಾ ಸೆಂಟರಿಗೆ ಹೋದ ಮಾತ್ರಕ್ಕೆ ಎಲ್ಲವೂ ಭದ್ರ ಎನ್ನುವಂತಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಕಟ್ಟಡ ಸುಟ್ಟುಹೋಯಿತು, ಬೇರೆಡೆ ಬ್ಯಾಕಪ್ ಇಡದಿದ್ದ ಗ್ರಾಹಕರು ತಾಣಗಳನ್ನೇ ಕಳೆದುಕೊಂಡರು.

ಬದಲಾಗದ ಪುಟಗಳಷ್ಟೇ ಇರುವ ಚಿಕ್ಕ ತಾಣಕ್ಕೆ ಮನೆ ಸರ್ವರ್, ಬಾಡಿಗೆ ಹೋಸ್ಟಿಂಗ್ ಎರಡೂ ಬೇಡ. ಗಿಟ್‌ಹಬ್ ಪೇಜಸ್‌ನಂಥ ಉಚಿತ ಸೇವೆ ಸಾಲುತ್ತದೆ. ಮನೆಮಂದಿಯ ಫೋಟೋ ಸಂಗ್ರಹ, ಕಲಿಕೆಯ ಪ್ರಯೋಗಗಳಿಗೆ ಮನೆ ಸರ್ವರ್ ಸೊಗಸು. ಅಂಗಡಿಯ ಆರ್ಡರ್ ಪಡೆಯುವ ತಾಣವನ್ನು ಮನೆಯಲ್ಲಿಡುವುದು ಸಾಹಸ. ಇಮೇಲ್ ಸರ್ವರ್ ಇಡುವುದಂತೂ ವ್ಯರ್ಥ ಶ್ರಮ, ಏಕೆಂದರೆ ಮನೆಯ ಬ್ರಾಡ್‌ಬ್ಯಾಂಡ್ ವಿಳಾಸಗಳಿಂದ ಬರುವ ಅಂಚೆಯನ್ನು ದೊಡ್ಡ ಕಂಪನಿಗಳು ಸಾಮಾನ್ಯವಾಗಿ ನಂಬುವುದಿಲ್ಲ. ಯಾವುದನ್ನೇ ಆರಿಸಿದರೂ ಡೊಮೇನ್ ಹೆಸರು ಸ್ವಂತ ಖಾತೆಯಲ್ಲಿ, ಸಾಧ್ಯವಾದರೆ ಹೋಸ್ಟಿಂಗ್‌ನವರಿಂದ ಬೇರೆ ಕಡೆ ನೋಂದಣಿಯಾಗಿರಬೇಕು. ಆಗ ಮನೆಯಿಂದ ಬಾಡಿಗೆಗೆ, ಬಾಡಿಗೆಯಿಂದ ಮನೆಗೆ ತಾಣ ಸಾಗಿಸಲು ಫೈಲುಗಳನ್ನು ನಕಲು ಮಾಡಿ, ಡೊಮೇನ್ ಹೆಸರನ್ನು ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್‌ನಲ್ಲಿ ವಿಳಾಸದ ಸಾಲು ಬದಲಿಸಿದರಾಯಿತು.