ಮುದ್ರಿತ ಸುರುಳಿಯ ಚರಿತ್ರೆ: ಹೈಬ್ರಿಡ್ ಸೂಕ್ಷ್ಮಮಂಡಲಗಳಲ್ಲಿ ಪ್ರೇರಕದ ಸ್ಥಾನ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಭಕ್ತರು ಪ್ರತಿಷ್ಠಾಪಿಸಿರುವ ಅಸಂಖ್ಯ ನಾಗಶಿಲೆಗಳ ನಡುವೆ ಸುರುಳಿ ಸುತ್ತಿದ ಸರ್ಪದ ಕೆತ್ತನೆಯನ್ನು ಕಂಡವರಿಗೆ ಮುದ್ರಿತ ಪ್ರೇರಕದ ಆಕಾರವನ್ನು ಬೇರೆಯಾಗಿ ವರ್ಣಿಸಬೇಕಾದುದಿಲ್ಲ. ಪಿಂಗಾಣಿಯ ಬಿಲ್ಲೆಯ ಮೇಲೆ ಬೆಳ್ಳಿಯ ಲೇಪದಿಂದ ಬರೆದ, ಹೊರಗಿನಿಂದ ಒಳಕ್ಕೆ ಸುತ್ತುತ್ತ ಸಾಗುವ ಒಂದು ರೇಖೆಯೇ ಅದು. ಅದೇ ತಾಲ್ಲೂಕಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯೂ ಕೂಡಿ 1970ರ ದಶಕದಲ್ಲಿ ನಿರ್ಮಿಸಿದ, ಸಾವಿರ ದ್ವಿಧ್ರುವ ಆಂಟೆನಾಗಳ ರೇಡಿಯೋ ದೂರದರ್ಶಕವು 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶವನ್ನು ಪರಿಶೀಲಿಸಿತು. ಮುದ್ರಿತ ಸುರುಳಿಯ ಬಲಾಬಲಗಳು ಆ ಆವರ್ತನದಲ್ಲಿ ಸ್ಫುಟವಾಗಿ ತೋರುವುದರಿಂದ ಅದನ್ನೇ ಇಲ್ಲಿನ ಲೆಕ್ಕಗಳಿಗೆ ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಚಪ್ಪಟೆ ಸುರುಳಿಯೇನೂ ಹೊಸತಲ್ಲ. ಅಮೆರಿಕದ ಜೋಸೆಫ್ ಹೆನ್ರಿಯು 1830ರ ದಶಕದಲ್ಲಿಯೇ ತಾಮ್ರದ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಸ್ವಪ್ರೇರಣೆಯನ್ನು ಪರೀಕ್ಷಿಸಿದ್ದನು. ಅದರ ಪ್ರೇರಕತೆಯನ್ನು ಸುಮಾರಾಗಿ ಹೇಳಬಲ್ಲ ಸುಲಭ ಸೂತ್ರವನ್ನು ಹೆರಾಲ್ಡ್ ವೀಲರನು 1928ರಲ್ಲಿ ಪ್ರಕಟಿಸಿದನು. ಮುದ್ರಣಕ್ಕೆ ಅವಕಾಶ ಒದಗಿದುದು ಎರಡನೆಯ ಮಹಾಯುದ್ಧದಲ್ಲಿ. ಗುರಿಯ ಸಮೀಪಕ್ಕೆ ಬಂದೊಡನೆ ತಾನಾಗಿ ಸಿಡಿಯುವ ಫಿರಂಗಿ ಗುಂಡಿನ ರೇಡಿಯೋ ಫ್ಯೂಜಿಗಾಗಿ ಸೆಂಟ್ರಲ್ಯಾಬ್ ಸಂಸ್ಥೆಯು ಪಿಂಗಾಣಿಯ ಮೇಲೆ ಬೆಳ್ಳಿಯ ತಂತಿಮಾರ್ಗವನ್ನೂ ಇಂಗಾಲದ ರೋಧಕಗಳನ್ನೂ ಜಾಲರಿಯ ಮೂಲಕ ಮುದ್ರಿಸಿತು. ಆ ವಿದ್ಯೆಯನ್ನು ಬ್ರುನೆಟ್ಟಿ ಮತ್ತು ಕರ್ಟಿಸ್ ಎಂಬುವರು 1947ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಪ್ರಕಟಣೆಯೊಂದರಲ್ಲಿ ಲೋಕಕ್ಕೆ ತಿಳಿಸಿದರು. ರೋಧಕವೂ ಧಾರಕವೂ ಶಾಯಿಗೆ ಬೇಗ ಒಲಿದುವು. ಪ್ರೇರಕವು ಒಲಿಯಲಿಲ್ಲ.

ಕಾರಣವನ್ನು ಕಾರ್ಖಾನೆಯ ಮೇಜಿನ ಮೇಲೆಯೇ ಹುಡುಕಬೇಕು. ಅಲ್ಯುಮಿನಾ ಬಿಲ್ಲೆಯ ಮೇಲೆ ರಬ್ಬರಿನ ಪಟ್ಟಿಯಿಂದ ಪೇಸ್ಟನ್ನು ಎಳೆದು, ಒಣಗಿಸಿ, 850 ಡಿಗ್ರಿ ಸೆಲ್ಸಿಯಸ್ಸಿನ, ಚಲಿಸುವ ಪಟ್ಟಿಯ ಕುಲುಮೆಯಲ್ಲಿ ಸುಟ್ಟ ಬಳಿಕ ಉಳಿಯುವ ಲೋಹದ ದಪ್ಪವು ಸುಮಾರು 10 ಮೈಕ್ರಾನು ಮಾತ್ರ. ಹೊರವ್ಯಾಸ 12 ಮಿಲಿಮೀಟರು, ಒಳವ್ಯಾಸ 4, ಎಂಟು ಸುತ್ತು, ಕಾಲು ಮಿಲಿಮೀಟರಿನ ಗೆರೆ, ಅಷ್ಟೇ ಅಂತರ ಎಂದಿಟ್ಟುಕೊಂಡರೆ ವೀಲರನ ಸೂತ್ರದಂತೆ ಸುಮಾರು 0.53 ಮೈಕ್ರೋಹೆನ್ರಿ ದೊರೆಯುತ್ತದೆ, ನಮ್ಮ 34.5 ಮೆಗಾಹರ್ಟ್ಸಿನಲ್ಲಿ ಅದರ ಪ್ರತಿಬಾಧೆ 115 ಓಮು. ಗೆರೆಯ ಉದ್ದವಾದರೋ 20 ಸೆಂಟಿಮೀಟರು. ಶುದ್ಧ ಬೆಳ್ಳಿಯ ಪೇಸ್ಟಿನಲ್ಲಿ ಇದರ ರೋಧ ಒಂದೂವರೆ ಎರಡು ಓಮು. ಬೆಸುಗೆಗೆ ಅನುಕೂಲವೆಂದು, ಬೆಳ್ಳಿ ಹರಿದಾಡದಿರಲೆಂದು ಪಲ್ಲೇಡಿಯಂ ಬೆರೆಸಿದ ಪೇಸ್ಟನ್ನು ಬಳಸಿದರೆ ಅದೇ ಇಪ್ಪತ್ತು ಓಮಿಗೆ ಏರಬಹುದು. ಮೊದಲನೆಯದರಲ್ಲಿ ಗುಣಾಂಕವು, ಎಂದರೆ ಪ್ರತಿಬಾಧೆಗೂ ರೋಧಕ್ಕೂ ಇರುವ ಅನುಪಾತವು, ಅರುವತ್ತೆಪ್ಪತ್ತಾದರೆ ಎರಡನೆಯದರಲ್ಲಿ ಐದಾರಕ್ಕೆ ಕುಸಿಯುತ್ತದೆ. ಅಂಥ ಸುರುಳಿಯನ್ನು ಒಳ್ಳೆಯ ಪ್ರೇರಕವೆನ್ನಲಾಗದು. ಈ ಆವರ್ತನದಲ್ಲಿ ಪ್ರವಾಹವು ಬೆಳ್ಳಿಯೊಳಗೆ ಇಳಿಯುವ ಆಳವೂ ಸುಮಾರು 11 ಮೈಕ್ರಾನು. ಎಂದರೆ ಮುದ್ರಿತ ಲೋಹವು ಅಗತ್ಯದ ಅಂಚಿನಲ್ಲಿದೆ, ಇನ್ನೂ ತೆಳುವಾದರೆ ನಷ್ಟ ತಪ್ಪದು. ಸುರುಳಿಯ ನಡುವಿನ ತುದಿಯನ್ನು ಹೊರಕ್ಕೆ ತರಲು ಗಾಜಿನ ಪದರದ ಮೇಲೆ ಮತ್ತೊಂದು ಗೆರೆಯನ್ನೋ ಚಿನ್ನದ ಎಳೆಯನ್ನೋ ದಾಟಿಸಬೇಕಾದ ತೊಡಕು ಬೇರೆ.

1974ರಲ್ಲಿ ಗ್ರೀನ್‌ಹೌಸ್ ಎಂಬಾತನು ಚೌಕಾಕಾರದ ಸುರುಳಿಗೆ ನೆಚ್ಚಬಹುದಾದ ಗಣನಾಕ್ರಮವನ್ನು ಒದಗಿಸಿದನು: ಪ್ರತಿಯೊಂದು ಸರಳರೇಖಾಖಂಡದ ಸ್ವಪ್ರೇರಕತೆಯನ್ನು ಕೂಡಿಸಿ, ಪ್ರವಾಹವು ಒಂದೇ ದಿಕ್ಕಿಗೆ ಹರಿಯುವ ಸಮಾಂತರ ಖಂಡಗಳ ಪರಸ್ಪರ ಪ್ರೇರಕತೆಯನ್ನು ಸೇರಿಸಿ, ವಿರುದ್ಧ ದಿಕ್ಕಿನವುಗಳದನ್ನು ಕಳೆಯುವುದು. ಬಿಲ್ಲೆಯ ಹಿಂಬದಿಯ ಭೂಸಂಪರ್ಕ ಲೋಹವನ್ನು ಸುರುಳಿಯ ಕೆಳಗೆ ತೆಗೆದುಹಾಕಬೇಕೆಂಬುದನ್ನು, ಇಲ್ಲವಾದರೆ ಪ್ರತಿಪ್ರವಾಹವು ಪ್ರೇರಕತೆಯನ್ನು ನುಂಗುವುದೆಂಬುದನ್ನು, ಕಸುಬಿನವರು ಅನುಭವದಿಂದ ಕಲಿತಿದ್ದಾರೆ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು, ಬಿಲ್ಲೆಯ ಮೇಲೆ ಮುದ್ರಿಸಿದ ಭಾಗಗಳೂ ಅಂಟಿಸಿದ ಬಿಡಿಭಾಗಗಳೂ ಕೂಡಿದ ಹೈಬ್ರಿಡ್ ಸೂಕ್ಷ್ಮಮಂಡಲಗಳನ್ನು ತಯಾರಿಸುತ್ತ ಬಂದಿರುವುದರಿಂದ ಈ ವಿದ್ಯೆಯು ನಮ್ಮ ನಾಡಿಗೆ ಪರಕೀಯವೂ ಅಲ್ಲ.

ಹೀಗೆ ನೋಡಿದರೆ, ಆಕಾರವೂ ಗಣಿತವೂ ಎಂದೋ ಸಿದ್ಧವಾಗಿದ್ದು, ಮುದ್ರಿತ ಪ್ರೇರಕದ ಮುನ್ನಡೆಯನ್ನು ತಡೆದುದು ಲೋಹದ ರೋಧವೂ ಬಿಲ್ಲೆಯ ಜಾಗವೂ ಎಂದು ನನ್ನ ಅಭಿಪ್ರಾಯ. ಮೇಲೆ ಹೇಳಿದ ಸುರುಳಿಯೊಂದೇ ಒಂದಂಗುಲ ಚೌಕದ ಬಿಲ್ಲೆಯ ಆರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಆಕ್ರಮಿಸುತ್ತದೆ. 345 ಮೆಗಾಹರ್ಟ್ಸಿನಲ್ಲಾದರೆ ಅಷ್ಟೇ ಪ್ರತಿಬಾಧೆಗೆ 6 ಮಿಲಿಮೀಟರು ವ್ಯಾಸದ ನಾಲ್ಕು ಸುತ್ತು ಸಾಕು. ಆದುದರಿಂದ ಗೌರಿಬಿದನೂರಿನ ಆವರ್ತನಕ್ಕೆ ತಂತಿ ಸುತ್ತಿದ ಪುಟ್ಟ ಸುರುಳಿಯನ್ನು ಕೊಂಡು ಬಿಲ್ಲೆಗೆ ಅಂಟಿಸುವುದೇ ಮೇಲು. ನೂರಾರು ಮೆಗಾಹರ್ಟ್ಸಿನ ಆಚೆಗೆ ಮುದ್ರಿಸುವುದು ಮೇಲು.