ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ

ಹೈ-ಡೆಫಿನಿಷನ್ ವಿಡಿಯೊವನ್ನು 12 ಸೆಂಟಿಮೀಟರ್ ವ್ಯಾಸದ ಡಿಸ್ಕಿನಲ್ಲಿ ತುಂಬಲು ಈ ಶತಮಾನದ ಮೊದಲ ದಶಕದಲ್ಲಿ ಹುಟ್ಟಿ ಪರಸ್ಪರ ಪೈಪೋಟಿಗಿಳಿದ ಎರಡು ಮಾದರಿಗಳು. ಸೋನಿ, ಫಿಲಿಪ್ಸ್, ಮತ್ಸುಶಿತ ಮೊದಲಾದ ಒಂಬತ್ತು ಕಂಪನಿಗಳು 2002ರ ಫೆಬ್ರವರಿ 19ರಂದು ಬ್ಲೂ-ರೇಯನ್ನು ಪ್ರಕಟಿಸಿದವು. ತೋಷಿಬಾ ಮತ್ತು ಎನ್‌ಇಸಿ ಮುಂದಿಟ್ಟ ಮಾದರಿ ಡಿವಿಡಿ ಫೋರಂನ ಒಪ್ಪಿಗೆ ಪಡೆದು ಎಚ್‌ಡಿ ಡಿವಿಡಿ ಎನಿಸಿತು. ಎರಡರ ಸಿನಿಮಾ ಡಿಸ್ಕುಗಳೂ ಅಂಗಡಿಗೆ ಬಂದದ್ದು 2006ರಲ್ಲಿ. ಎರಡೇ ವರ್ಷದಲ್ಲಿ, 2008ರ ಫೆಬ್ರವರಿ 19ರಂದು, ತೋಷಿಬಾ ಸೋಲೊಪ್ಪಿತು.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಪೇಟೆಗಳಿಗೆ ಈ ಜಗಳ ಮುಟ್ಟಿದ್ದು ಸುದ್ದಿಯಾಗಿ ಮಾತ್ರ. ಆಗ ಇಲ್ಲಿ ವಿಸಿಡಿಯ ಕಾಲ ಮುಗಿದಿರಲಿಲ್ಲ. 1993ರಲ್ಲಿ ರೂಪುಗೊಂಡ ವಿಸಿಡಿಯಲ್ಲಿ ಹಿಡಿಯುವುದು 74 ನಿಮಿಷದ ಚಿತ್ರ. ಅದರ ಚೌಕಟ್ಟು ಬರೀ 352x288 ಬಿಂದುಗಳದ್ದು. ಆದರೂ ಅಗ್ಗದ ಪ್ಲೇಯರಿನಲ್ಲಿ, ಹಳೆಯ ಡಬ್ಬಿ ಟಿ.ವಿ.ಯಲ್ಲಿ ಅದು ಓಡುತ್ತಿತ್ತು. ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆಯಿಟ್ಟು ಮಾರುಕಟ್ಟೆಗೆ ಇಳಿದದ್ದೂ ಇದೇ ಹೊತ್ತಿನಲ್ಲಿ. ಆ ಬೆಲೆಯ ಮುಂದೆ ಎಚ್‌ಡಿಯ ಮಾತೆತ್ತುವವರು ಯಾರು?

ಹಾಗಿದ್ದರೂ ಎರಡು ಡಿಸ್ಕುಗಳ ಕಸುವನ್ನು ಒರೆಗೆ ಹಚ್ಚಲು ಹೇಳಿ ಮಾಡಿಸಿದಂಥ ವಸ್ತು ಈ ಮೂರು ತಾಲೂಕುಗಳಲ್ಲಿದೆ. ಅದು ಇಡೀ ರಾತ್ರಿಯ ಯಕ್ಷಗಾನ ಬಯಲಾಟ. ‘ಶ್ರೀದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರನ ಪ್ರವೇಶವನ್ನು ನೆನೆಯಿರಿ. ದೊಂದಿಗಳ ನಡುವೆ ರಾಳ ಭುಗಿಲ್ಲೆಂದು ಹೊತ್ತಿಕೊಳ್ಳುತ್ತದೆ. ಕತ್ತಲಲ್ಲಿದ್ದ ಇಡೀ ದೃಶ್ಯ ಒಂದೇ ಕ್ಷಣದಲ್ಲಿ ಕೆಂಪಾಗುತ್ತದೆ. ವಿಡಿಯೊ ಸಂಕೋಚನದ ತಂತ್ರ ಬಹುಮಟ್ಟಿಗೆ ನಿಂತಿರುವುದು ಹಿಂದಿನ ಚೌಕಟ್ಟಿಗೂ ಮುಂದಿನದಕ್ಕೂ ಬದಲಾದದ್ದನ್ನಷ್ಟೇ ಬರೆದುಕೊಳ್ಳುವುದರ ಮೇಲೆ. ಇಲ್ಲಿ ಎಲ್ಲವೂ ಬದಲಾಗುತ್ತದೆ. ಸೆಕೆಂಡಿಗೆ 1.15 ಮೆಗಾಬಿಟ್ ಮೀರಲಾಗದ ವಿಸಿಡಿಯಲ್ಲಿ ಆ ಗಳಿಗೆಗೆ ಪರದೆ ಚೌಕ ಚೌಕವಾಗಿ ಒಡೆಯುತ್ತದೆ, ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿ ಬಿಳಿಯ ಕಲೆಯಾಗಿ ಕಲಸಿಹೋಗುತ್ತದೆ. ಇಂಥ ಹೊತ್ತಿಗೆ ಬೇಕಾದ ಹೆಚ್ಚಿನ ಬಿಟ್ಟುಗಳನ್ನು ಎಚ್‌ಡಿ ಡಿವಿಡಿಯ ವಿಡಿಯೊ ಸೆಕೆಂಡಿಗೆ 29.4 ಮೆಗಾಬಿಟ್‌ವರೆಗೆ, ಬ್ಲೂ-ರೇಯದು 40ರವರೆಗೆ ಪಡೆಯಬಲ್ಲದು.

ಜಾಗದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಒಂಬತ್ತು ಗಂಟೆಯ ಆಟವನ್ನು ಎಚ್.264 ಸಂಕೋಚನದಲ್ಲಿ ಸೆಕೆಂಡಿಗೆ ಸರಾಸರಿ 12 ಮೆಗಾಬಿಟ್‌ನಂತೆ ಹಿಡಿದರೆ ಸುಮಾರು 48.6 ಗಿಗಾಬೈಟ್ ಆಗುತ್ತದೆ. ಎರಡು ಪದರದ ಬ್ಲೂ-ರೇಯ ಸಾಮರ್ಥ್ಯ 50 ಗಿಗಾಬೈಟ್. ಆಟದ ಆರಂಭ ಸಾರುವ ಕೇಳಿ ಹೊಡೆದಲ್ಲಿಂದ ಕೊನೆಯ ಮಂಗಳದವರೆಗೆ ಒಂದೇ ಡಿಸ್ಕು ಸಾಕು. ಎಚ್‌ಡಿ ಡಿವಿಡಿಯ ಎರಡು ಪದರಕ್ಕೆ 30 ಗಿಗಾಬೈಟ್. ನಡುರಾತ್ರಿ ಕಳೆದ ಮೇಲೆ ಎದ್ದು ಡಿಸ್ಕು ಬದಲಿಸಬೇಕು. ಅದೇ ಆಟಕ್ಕೆ ವಿಸಿಡಿ ಎಂಟು ಬೇಕು. ಎರಡೂವರೆ ಗಂಟೆಯ ಸಿನಿಮಾ ನೋಡುವವನಿಗೆ ಮಾತ್ರ 30 ಮತ್ತು 50ರ ವ್ಯತ್ಯಾಸದಿಂದ ಆಗಬೇಕಾದ್ದು ಹೆಚ್ಚೇನಿಲ್ಲ.

ಈ ವ್ಯತ್ಯಾಸ ಬಂದದ್ದು ಲೇಸರಿನಿಂದಲ್ಲ. ಎರಡರದ್ದೂ 405 ನ್ಯಾನೊಮೀಟರ್ ತರಂಗಾಂತರದ ನೀಲಿ-ನೇರಳೆ ಲೇಸರ್. ಡಿವಿಡಿಯ ಕೆಂಪು ಲೇಸರಿನದು 650. ಬೇರೆಯಾದದ್ದು ಮಸೂರ. ಬೆಳಕನ್ನು ಎಷ್ಟು ಅಗಲದ ಕೋನದಿಂದ ಒಂದೆಡೆ ಕೂಡಿಸಬಲ್ಲದೆಂಬುದರ ಅಳತೆ ಎಚ್‌ಡಿ ಡಿವಿಡಿಯಲ್ಲಿ 0.65, ಬ್ಲೂ-ರೇಯಲ್ಲಿ 0.85. ತರಂಗಾಂತರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕಿನ ಚುಕ್ಕೆಯ ಗಾತ್ರದ ಅಂದಾಜು ಸಿಗುತ್ತದೆ. ಎರಡು ಚುಕ್ಕೆಗಳ ವಿಸ್ತೀರ್ಣದ ಅನುಪಾತ ಸುಮಾರು 1.7. ಪದರವೊಂದಕ್ಕೆ 15 ಗಿಗಾಬೈಟ್ ಎಲ್ಲಿ, 25 ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಅಷ್ಟರಲ್ಲೇ ಇದೆ.

ಆದರೆ ಕೋನ ಅಗಲವಾದಷ್ಟೂ ಡಿಸ್ಕು ತುಸು ಓರೆಯಾದರೂ ಚುಕ್ಕೆ ಹರಡಿಕೊಳ್ಳುತ್ತದೆ. ಅದನ್ನು ತಡೆಯಲು ಬ್ಲೂ-ರೇಯಲ್ಲಿ ಮಾಹಿತಿಯ ಮೇಲಿನ ರಕ್ಷಾಪದರವನ್ನು 0.1 ಮಿಲಿಮೀಟರಿಗೆ ಇಳಿಸಿದರು. ಎಚ್‌ಡಿ ಡಿವಿಡಿ ಹಳೆಯ ಡಿವಿಡಿಯ 0.6 ಮಿಲಿಮೀಟರನ್ನೇ ಉಳಿಸಿಕೊಂಡಿತು. ಈ ಅರ್ಧ ಮಿಲಿಮೀಟರಿನ ಸುತ್ತಲೇ ಪೈಪೋಟಿಯ ಅರ್ಧ ವಾದ ನಡೆಯಿತು. ಡಿವಿಡಿ ಕಾರ್ಖಾನೆಗಳು ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡು ಎಚ್‌ಡಿ ಡಿವಿಡಿ ಅಚ್ಚು ಹಾಕಬಹುದಿತ್ತು. ಬ್ಲೂ-ರೇಗೆ ಹೊಸ ಯಂತ್ರಗಳೇ ಬೇಕಿದ್ದವು. ಎಚ್‌ಡಿ ಡಿವಿಡಿಯಲ್ಲಿ ಲೇಸರ್ ಕಿರಣ ಡಿಸ್ಕಿನ ಮೈಯನ್ನು ದಾಟುವಾಗ ಸುಮಾರು ಅರ್ಧ ಮಿಲಿಮೀಟರ್ ಅಗಲ ಇರುವುದರಿಂದ ಒಂದು ಕಣ ಧೂಳು ಅಷ್ಟಾಗಿ ಅಡ್ಡಬರುವುದಿಲ್ಲ. ಬ್ಲೂ-ರೇಯಲ್ಲಿ ಆ ಅಗಲ ಇದರ ಕಾಲು ಭಾಗದಷ್ಟು. ಅದೇ ಧೂಳು, ಅದೇ ಬೆರಳ ಗುರುತು ದೊಡ್ಡ ತೊಡಕಾಗುತ್ತದೆ. ಜಪಾನಿನಲ್ಲಿ 2003ರಲ್ಲಿ ಬಂದ ಮೊದಲ ಬ್ಲೂ-ರೇ ಡಿಸ್ಕುಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೇ ಮಾರುತ್ತಿದ್ದುದು ಇದೇ ಕಾರಣಕ್ಕೆ. ಟಿಡಿಕೆ ಮೊದಲಾದ ಕಂಪನಿಗಳು ಗಟ್ಟಿ ಲೇಪನ ಕಂಡುಹಿಡಿದ ಮೇಲೆ ಪೆಟ್ಟಿಗೆ ಹೋಯಿತು. ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೂ ಕ್ಯಾಮರಾದ ಮಸೂರಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಈ ಲೇಪನವಿಲ್ಲದ ಬ್ಲೂ-ರೇ ಬಾಳುತ್ತಿತ್ತೆಂದು ನಂಬುವುದು ಕಷ್ಟ.

ಕಾಗದದ ಮೇಲೆ ಗೆದ್ದ ಬ್ಲೂ-ರೇ ಮೊದಮೊದಲು ಪರದೆಯ ಮೇಲೆ ಸೋತದ್ದೂ ಉಂಟು. 2006ರ ಹಲವು ಬ್ಲೂ-ರೇ ಸಿನಿಮಾಗಳನ್ನು ಒಂದೇ ಪದರದ ಡಿಸ್ಕಿಗೆ ಹಳೆಯ ಎಂಪೆಗ್-2 ಸಂಕೋಚನದಲ್ಲಿ ತುಂಬಿದ್ದರು. ಎಚ್‌ಡಿ ಡಿವಿಡಿಯವರು ಹೊಸ ವಿಸಿ-1 ಬಳಸಿ ಕಡಿಮೆ ಜಾಗದಲ್ಲಿ ಒಳ್ಳೆಯ ಚಿತ್ರ ಕೊಟ್ಟರು. ಇಂಟರ್‌ನೆಟ್ ಜೋಡಣೆ ಎಚ್‌ಡಿ ಡಿವಿಡಿ ಪ್ಲೇಯರಿಗೆ ಮೊದಲಿನಿಂದಲೂ ಕಡ್ಡಾಯ. ಬ್ಲೂ-ರೇಯ ನಿಯಮಗಳಾದರೋ ಕಂತು ಕಂತಾಗಿ ಬಂದವು. ಬೆಲೆಯಲ್ಲೂ ಅಂತರವಿತ್ತು. ಅಮೆರಿಕದಲ್ಲಿ ತೋಷಿಬಾದ ಮೊದಲ ಪ್ಲೇಯರ್ 499 ಡಾಲರ್, ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್ 999 ಡಾಲರ್. ಎಚ್‌ಡಿ ಡಿವಿಡಿಗೆ ಪ್ರಾದೇಶಿಕ ಬೀಗವೂ ಇರಲಿಲ್ಲ. ಬ್ಲೂ-ರೇಯಲ್ಲಿ ಭಾರತ ‘ಸಿ’ ವಲಯಕ್ಕೆ ಸೇರಿದ್ದರಿಂದ ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಡಿಸ್ಕು ಊರಿನ ಪ್ಲೇಯರಿನಲ್ಲಿ ಓಡುತ್ತದೆಂಬ ಖಾತರಿಯಿಲ್ಲ.

ತೀರ್ಪು ಬಂದದ್ದು ತಾಂತ್ರಿಕ ಗುಣದ ಮೇಲಲ್ಲ. 2006ರ ನವೆಂಬರಿನಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 3 ಆಟದ ಯಂತ್ರದೊಳಗೇ ಬ್ಲೂ-ರೇ ಡ್ರೈವ್ ಇತ್ತು. ಕೊಂಡವರ ಮನೆಗೆಲ್ಲ ಬ್ಲೂ-ರೇ ತಾನಾಗಿ ಹೊಕ್ಕಿತು. ಭಾರತಕ್ಕೆ ಈ ಯಂತ್ರ 2007ರ ಏಪ್ರಿಲ್‌ನಲ್ಲಿ 39,990 ರೂಪಾಯಿ ಬೆಲೆಗೆ ಬಂತು. 2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಬ್ಲೂ-ರೇಯೊಂದನ್ನೇ ಬೆಂಬಲಿಸುವುದಾಗಿ ಹೇಳಿದ ಮೇಲೆ ಎಚ್‌ಡಿ ಡಿವಿಡಿಗೆ ಉಳಿದದ್ದು ಕೆಲವೇ ವಾರ.

ಗೆದ್ದ ಬ್ಲೂ-ರೇಯೂ ಕರಾವಳಿಯ ಯಕ್ಷಗಾನಕ್ಕೆ ಒದಗಲಿಲ್ಲ. ಆಟದ ದಾಖಲೆಗಳು ವಿಸಿಡಿ, ಡಿವಿಡಿಗಳಿಂದ ನೇರ ಹಾರ್ಡ್ ಡಿಸ್ಕಿಗೂ ಯೂಟ್ಯೂಬಿಗೂ ಜಿಗಿದವು. ಸಿನಿಮಾಗಳ ಬ್ಲೂ-ರೇ ಡಿಸ್ಕುಗಳು ಈಗಲೂ ತಯಾರಾಗುತ್ತವೆ. ಮನೆಯಲ್ಲೇ ಬರೆಯಬಹುದಾದ ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹಳೆಯ ಆಟಗಳ ಡಿಸ್ಕುಗಳನ್ನು ಇಟ್ಟುಕೊಂಡವರು, ಓದುವ ಡ್ರೈವ್ ಅಂಗಡಿಯಲ್ಲಿ ಸಿಗುವಾಗಲೇ ಅವುಗಳ ನಕಲು ಮಾಡಿಸಿಕೊಳ್ಳುವುದು ಒಳ್ಳೆಯದು.