ಪೊಟರೆಯಿಂದ ಪೆಟ್ಟಿಗೆಗೆ

ಜೇನೆಂದೊಡನೆ ನಮಗೆ ಅದರ ಸವಿ ನೆನಪಾಗುವುದು. ಆ ಸವಿಗಾಗಿ ಹಾಳಾದ ನೊಣಗಳ ಮನೆ ನೆನಪಾಗುವುದಿಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಪೊಟರೆಯ ತುಡುವೆ ಜೇನನ್ನು ಕಂಡರೆ ಹೊಗೆಯಿಕ್ಕಿ ನೊಣಗಳನ್ನು ಓಡಿಸಿ, ಎರಿಗಳನ್ನೆಲ್ಲ ಕಿತ್ತು ಹಿಂಡುತ್ತಿದ್ದರು. ತುಪ್ಪದೊಡನೆ ಮರಿಗಳೂ ಹಿಂಡಿಹೋಗುತ್ತಿದ್ದುವು. ಮನೆಯನ್ನು ಮುರಿಯದೆ ತುಪ್ಪವನ್ನು ಪಡೆಯುವ ಪೆಟ್ಟಿಗೆ ಹೇಗೆ ಬಂದಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತರಿಗೆ ಒಂದು ಸಂಗತಿ ಹೊಳೆಯಿತು. ಚೌಕಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟು ತೆರವಿದ್ದರೆ ನೊಣಗಳು ಅದನ್ನು ಮೇಣದಿಂದ ತುಂಬುವುದಿಲ್ಲ, ಅಂಟಿನಿಂದ ಮುಚ್ಚುವುದಿಲ್ಲ. ಓಡಾಡುವ ದಾರಿಯಾಗಿ ಉಳಿಸಿಕೊಳ್ಳುತ್ತವೆ. ಆದುದರಿಂದ ಚೌಕಟ್ಟನ್ನು ಎತ್ತಿ ನೋಡಿ ಮತ್ತೆ ಇಳಿಸಲು ಸಾಧ್ಯವಾಯಿತು. ಮರುವರ್ಷ ಅವರಿಗೆ ಅದರ ಹಕ್ಕುಪತ್ರ ದೊರೆಯಿತು.

ಆದರೆ ಆ ಅಳತೆ ಪಾಶ್ಚಾತ್ಯ ಜೇನಿನದು. ನಮ್ಮ ತುಡುವೆ ಅದಕ್ಕಿಂತ ಚಿಕ್ಕದು, ಅದರ ಕುಟುಂಬವೂ ಚಿಕ್ಕದು. ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ನರು 1911ರಿಂದ 1917ರವರೆಗೆ ದುಡಿದು, ತುಡುವೆಗೆ ಒಪ್ಪುವ ಸಣ್ಣ ಪೆಟ್ಟಿಗೆಯನ್ನು ರೂಪಿಸಿದರು. ಹಲವರಿಗೆ ಸಾಕಣೆಯನ್ನು ಕಲಿಸಿದರು. ಅವರ ಹೆಸರಿನ ಪೆಟ್ಟಿಗೆಯ ಮರಿಕೋಣೆಯಲ್ಲಿ ಏಳು ಚೌಕಟ್ಟುಗಳು. ಮೈಸೂರಿನಲ್ಲಿ 1925ರಲ್ಲಿ, ಮದರಾಸು ಪ್ರಾಂತದಲ್ಲಿ 1931ರಲ್ಲಿ ಈ ಕಸುಬಿಗೆ ಪ್ರೋತ್ಸಾಹ ಮೊದಲಾಯಿತು. ಆಗ ನಮ್ಮ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು.

ಪೆಟ್ಟಿಗೆ ಸಿದ್ಧವಾದ ಮಾತ್ರಕ್ಕೆ ಜೇನು ಅದರಲ್ಲಿ ನಿಲ್ಲದು. ಮೊದಲ ಸಲ ಪೊಟರೆಯ ಕುಟುಂಬವನ್ನು ವರ್ಗಾಯಿಸಿದಾಗ ನಾವು ತುಪ್ಪದ ಎರಿಗಳ ಮೇಲೆಯೇ ಕಣ್ಣಿಟ್ಟೆವು. ಮರಿಗಳಿದ್ದ ಎರಿಯೊಂದನ್ನು ತಲೆಕೆಳಗಾಗಿ ಕಟ್ಟಿದೆವು. ಮರುದಿನ ಮೂರು ಬಾರಿ ಮುಚ್ಚಳ ತೆರೆದು ನೋಡಿದೆವು. ನಾಲ್ಕನೆಯ ದಿನ ಪೆಟ್ಟಿಗೆ ಬರಿದಾಗಿದ್ದಿತು. ಜೊತೆಗಿದ್ದ ವಿದ್ಯಾರ್ಥಿಗಳ ಮುಂದೆ ನಮಗೆ ನಾಚಿಕೆಯಾಯಿತು.

ಎರಡನೆಯ ಸಲ ಸಂಜೆಯ ಹೊತ್ತನ್ನು ಆರಿಸಿಕೊಂಡೆವು. ಹೊಗೆಯನ್ನು ಹಿತವಾಗಿ ಕೊಟ್ಟು ಎರಿಗಳನ್ನು ಒಂದೊಂದಾಗಿ ಕೊಯ್ದೆವು. ಮರಿಗಳಿರುವ ಎರಿಗಳನ್ನು ಮೊದಲಿದ್ದಂತೆಯೇ ಮೇಲು ಮೇಲಾಗಿ, ಕೆಳಗು ಕೆಳಗಾಗಿ ಚೌಕಟ್ಟಿಗೆ ಹೊಂದಿಸಿ ಬಾಳೆನಾರಿನಿಂದ ಕಟ್ಟಿದೆವು. ರಾಣಿ ಒಳಹೊಕ್ಕುದನ್ನು ಕಂಡ ಮೇಲೆ, ಕೆಲಸದ ನೊಣಗಳು ಮಾತ್ರ ದಾಟಬಲ್ಲ ಕಿಂಡಿಗಳ ತಗಡನ್ನು ಕೆಲವು ದಿನ ಬಾಗಿಲಿಗೆ ಇಟ್ಟೆವು. ಹಳೆಯ ಗೂಡಿನ ಬಳಿಯಲ್ಲೇ ಪೆಟ್ಟಿಗೆಯನ್ನಿರಿಸಿ, ಸಕ್ಕರೆಪಾಕ ಕೊಟ್ಟು, ತೆರೆಯದೆ ಕಾದೆವು. ನೊಣಗಳು ಎರಿಯನ್ನು ಚೌಕಟ್ಟಿಗೆ ಬೆಸೆದು ನಾರನ್ನು ಕಡಿದು ಹೊರಹಾಕಿದುವು. ಕುಟುಂಬ ನೆಲೆನಿಂತುದಕ್ಕೆ ಅದೇ ಗುರುತು.

ಈ ಕೌಶಲದ ಬೆಲೆ 1991-92ರಲ್ಲಿ ತಿಳಿಯಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಮರಿಗಳಿಗೆ ತಗಲಿ, ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗ ಅಳಿಯಿತು. ಸಾಲುಸಾಲಾಗಿ ಪೆಟ್ಟಿಗೆಗಳು ಬರಿದಾದುವು. ರೋಗವನ್ನು ತಾಳಿ ಉಳಿದ ಕುಟುಂಬಗಳಿಂದಲೇ ಸಾಕಣೆ ಮತ್ತೆ ಚಿಗುರಬೇಕಾಯಿತು. ಪೊಟರೆಯ ಜೇನನ್ನು ಕೆಡಿಸದೆ ತರಬಲ್ಲ ಕೈಗಳಿಲ್ಲದಿದ್ದರೆ ಅದು ಸಾಧ್ಯವಾಗುತ್ತಿತ್ತೇ?

ಶಾಲೆಯ ತೋಟದಲ್ಲಿ ಪೆಟ್ಟಿಗೆ ಇಡಬಯಸುವ ಸಹೋದ್ಯೋಗಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ಮಕ್ಕಳಿಗೆ ಮೊದಲು ಮರಿಗಳ ಎರಿಯನ್ನು ತೋರಿಸಿರಿ, ತುಪ್ಪದ ಎರಿಯನ್ನು ಆಮೇಲೆ ತೋರಿಸಬಹುದು.